ಶುರುವಾಗದ ಹಾಡು

ಗ್ರಾಂಟ್ ರೋಡಿನಲ್ಲಿ ಲಿಫ್ಟ್ ರಿಪೇರಿ ಮಾಡುವ ಒಂದು ಸಣ್ಣ ಕಂಪನಿಯಿದೆ. ಅದರ ಆಫೀಸಿನಲ್ಲಿ ಫೋನಿನ ಮುಂದೆ ಕೂರುವವನು ನಾನು. ಯಾವುದೋ ಬಿಲ್ಡಿಂಗಿನಲ್ಲಿ ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತುಹೋದರೆ ಒಳಗಿದ್ದವರ ಕರೆ ನನಗೆ ಬರುತ್ತದೆ. ಮೆಕ್ಯಾನಿಕ್ ತಲುಪುವವರೆಗೆ ಅವರನ್ನು ಮಾತಿನಲ್ಲಿ ಹಿಡಿದಿಡುವುದು ನನ್ನ ಕೆಲಸ. ಒಮ್ಮೆ ಹಾಗೆ ಸಿಕ್ಕಿಕೊಂಡ ಹಿರಿಯರೊಬ್ಬರ ಜೊತೆ ಸೆಕೆ, ಮೊಮ್ಮಕ್ಕಳು, ಮೊಣಕಾಲು ನೋವು ಎಲ್ಲ ಮಾತಾಡಿ ಮುಗಿಯಿತು. ಮೆಕ್ಯಾನಿಕ್ ಇನ್ನೂ ಟ್ರಾಫಿಕ್ಕಿನಲ್ಲಿದ್ದ. ನನಗೆ ತಡೆಯಲಾಗಲಿಲ್ಲ. ಹೇಗೂ ಒಬ್ಬರೇ ಇದ್ದೀರಿ, ಒಂದು ಹೊಸ ಹಾಡು ಕೇಳಿ ಎಂದು ಫೋನಿನಲ್ಲೇ ಹಾಕಿದೆ. ಶಿಲ್ಲಾಂಗ್ ಕಡೆಯ ಯಾರೋ ಹುಡುಗಿ ತನ್ನ ಮಲಗುವ ಕೋಣೆಯಲ್ಲಿ ಕಂಪ್ಯೂಟರಿನ ಮೇಲೆ ಮಾಡಿದ ಹಾಡು, ಬಹಳ ಚೆನ್ನಾಗಿದೆ. ಲಿಫ್ಟಿನಿಂದ ಹೊರಬಂದ ಮೇಲೆ ಅವರು ಕಂಪನಿಗೆ ದೂರು ಕೊಟ್ಟರು. ಅದರಲ್ಲಿ ಲಿಫ್ಟಿನ ಬಗ್ಗೆ ಒಂದು ಮಾತೂ ಇರಲಿಲ್ಲ, ಪೂರ್ತಿ ಹಾಡಿನ ಬಗ್ಗೆಯೇ ಇತ್ತು.

ಇದು ನನ್ನ ಚಟ. ಕೆಲವರಿಗೆ ಎಲೆ ಅಡಿಕೆ, ಕೆಲವರಿಗೆ ಷೇರು ಮಾರ್ಕೆಟ್, ನನಗೆ ಹೊಸ ಹಾಡು. ಅದೂ ರೇಡಿಯೋದಲ್ಲಿ ಬರುವ ಹಾಡಲ್ಲ. ಯಾವ ಕಂಪನಿಯ ಹಂಗೂ ಇಲ್ಲದೆ ತಾವೇ ಮಾಡಿ, ತಾವೇ ಇಂಟರ್‌ನೆಟ್ಟಿಗೆ ಹಾಕಿ, ಯಾರಾದರೂ ಕೇಳಿಯಾರೆಂದು ಕಾದು ಕೂತಿರುವವರ ಹಾಡು. ಇಂಡಿ ಎನ್ನುತ್ತಾರೆ, ಎಲೆಕ್ಟ್ರಾನಿಕ್ ಎನ್ನುತ್ತಾರೆ, ನನ್ನ ಹೆಂಡತಿ ಬೇರೆ ಏನೇನೋ ಎನ್ನುತ್ತಾಳೆ. ಒಮ್ಮೆ ಅಡುಗೆಮನೆಯಿಂದ ಬಂದು, "ಫ್ರಿಜ್ಜು ಕೆಟ್ಟಿದೆಯೋ, ನಿಮ್ಮ ಹಾಡೋ? ಹಾಡಾದರೆ ಸರಿ, ಫ್ರಿಜ್ಜಾದರೆ ಹಾಲು ತೆಗೆದಿಡಬೇಕು" ಎಂದಳು. ಪ್ರತಿ ಭಾನುವಾರ ನಾನು ನೆಂಟರು, ಸ್ನೇಹಿತರು, ಹಳೆಯ ಸಹೋದ್ಯೋಗಿಗಳು ಎಲ್ಲರಿಗೂ ಮೂರು ಹೊಸ ಹಾಡು ಶಿಫಾರಸು ಮಾಡಿ ಕಳಿಸುತ್ತೇನೆ. ಯಾಕೆ ಕೇಳಬೇಕು, ಎಲ್ಲಿ ಗಮನ ಕೊಡಬೇಕು ಎಂದು ಉದ್ದಕ್ಕೆ ಬರೆಯುತ್ತೇನೆ. ಅವರು ಕೈಮುಗಿದ ಚಿತ್ರ ಕಳಿಸುತ್ತಾರೆ. ಯಾರಾದರೂ ತೀರಿಕೊಂಡ ಸುದ್ದಿ ಬಂದಾಗಲೂ ಅದೇ ಚಿತ್ರ ಕಳಿಸುತ್ತಾರೆ. ಇಷ್ಟು ವರ್ಷದಲ್ಲಿ ಒಬ್ಬರೂ ತಾವಾಗಿ ಬಂದು ಒಂದು ಹಾಡು ಹೇಳಿ ಎಂದು ಕೇಳಿದ್ದಿಲ್ಲ. ಅದು ನನಗೆ ಬೇಸರವೇ. ಸುಳ್ಳು ಯಾಕೆ ಹೇಳಲಿ.

ಹಾಡು ಹುಡುಕುವುದಕ್ಕೆ ನನಗಿದ್ದ ಸಮಯ ಲೋಕಲ್ ಟ್ರೈನಿನದು. ಡೊಂಬಿವಲಿಯಲ್ಲಿ ಸ್ಲೋ ಲೋಕಲ್ ಹತ್ತಿದರೆ ದಾದರ್‌ವರೆಗೆ ಯಾರೂ ನನ್ನನ್ನು ಏನೂ ಕೇಳುವಂತಿಲ್ಲ. ಕಿವಿಗೆ ಹೆಡ್‌ಫೋನ್ ಹಾಕಿ ಕಣ್ಣು ಮುಚ್ಚಿದರೆ ಆಯಿತು. ಒಂದು ಬೆಳಿಗ್ಗೆ ನನ್ನ ಮಾಮೂಲಿ ಬೋಗಿಗೆ ಹತ್ತಲಾಗದೆ ಪಕ್ಕದ ಬೋಗಿಗೆ ನುಗ್ಗಿದೆ. ಕಿಟಕಿ ಪಕ್ಕದ ಸೀಟು ಖಾಲಿ ಇತ್ತು. ಡೊಂಬಿವಲಿಯಲ್ಲಿ ಆ ಹೊತ್ತಿಗೆ ಕಿಟಕಿ ಸೀಟು ಖಾಲಿ ಇದೆಯೆಂದರೆ ಬುದ್ಧಿಯಿದ್ದವನು ಅನುಮಾನ ಪಡಬೇಕು. ನಾನು ಕೂತೆ.

ಸ್ವಲ್ಪ ಹೊತ್ತಿಗೆ ಯಾರೋ ಭುಜ ತಟ್ಟಿದಂತಾಗಿ ಕಣ್ಣು ಬಿಟ್ಟರೆ ಸುತ್ತ ಹತ್ತು ಹನ್ನೆರಡು ಗಂಡಸರು, ಕೈಯಲ್ಲಿ ಕೈತಾಳ, ಹಣೆಯಲ್ಲಿ ಗಂಧ, ಎಲ್ಲರ ಕಣ್ಣೂ ನನ್ನ ಮೇಲೆ. ಭಜನಾ ಮಂಡಳಿಯ ನಡುವೆ ಹೋಗಿ ಕೂತಿದ್ದೆ. "ಏನಪ್ಪಾ ಗ್ರಹಚಾರ" ಎಂದು ನನ್ನಷ್ಟಕ್ಕೆ ಅಂದುಕೊಂಡದ್ದು ಸ್ವಲ್ಪ ಜೋರಾಗಿಯೇ ಬಂತು. ಎದುರಿಗೆ ಕೂತಿದ್ದ ತೆಳ್ಳಗಿನ ಹಿರಿಯರ ಮುಖ ಅರಳಿತು.

"ಕನ್ನಡದವ್ರೇನ್ರಿ?"

"ಹೌದು."

"ಛಲೋ ಆತು. ಕುಂತದ್ದು ಎಲ್ಲಿ ಅಂತ ಗೊತ್ತೈತೇನು?"

ಗೊತ್ತಿರಲಿಲ್ಲ. ಅವರು ಹೇಳಿದರು. ಅವರು ಮಂಡಳಿಯ ಮುಖ್ಯ ಹಾಡುಗಾರರು, ವಿಜಯಪುರದ ಕಡೆಯವರು. ಮರಾಠಿಗರ ರೂಢಿಯಂತೆ ಎಲ್ಲರೂ ಅವರನ್ನು ಬುವಾ ಎನ್ನುತ್ತಿದ್ದರು. ನಾನು ಕೂತದ್ದು ಢೋಲಕಿ ಬಾರಿಸುವವರ ಸೀಟು. ಅವರು ಹಿಂದಿನ ವಾರ ನಿವೃತ್ತರಾಗಿದ್ದರು. ಈ ಮಂಡಳಿಯ ಕಟ್ಟಳೆ ಬಹಳ ಬಿಗಿ. ನೌಕರಿ ಮುಗಿದವರಿಗೆ ಕೊನೆಯ ದಿನ ಟ್ರೈನಿನಲ್ಲೇ ಶಾಲು ಹೊದಿಸಿ, ಕೈಗೆ ತೆಂಗಿನಕಾಯಿ ಕೊಟ್ಟು, ಪೇಢೆ ಹಂಚಿ ಬೀಳ್ಕೊಡುತ್ತಾರೆ. ಶಾಲು ಹೊದ್ದ ಮೇಲೆ ಆ ಮನುಷ್ಯ ಮತ್ತೆ ಮಂಡಳಿಗೆ ಬರುವಂತಿಲ್ಲ. ಇದು ಕೆಲಸಕ್ಕೆ ಹೋಗುವವರ ಸೀಟು, ಕೆಲಸ ಮುಗಿದವರು ಮನೆಯಲ್ಲಿ ಆರಾಮಾಗಿರಲಿ ಎಂಬುದು ನಿಯಮ. ಮತ್ತೆ, ಆ ಸೀಟಿನಲ್ಲಿ ಯಾರು ಕೂರುತ್ತಾರೋ ಅವರು ಹಿಂದಿನವರ ಕೆಲಸ ಮಾಡಬೇಕು.

"ಅಂದ್ರ ತಾಳ ನೀವಽ ಕೊಡಬೇಕ್ರಿ" ಎಂದರು ಬುವಾ.

ಎದ್ದುಬಿಡೋಣವೆಂದರೆ ಏಳಲು ಜಾಗವಿಲ್ಲ. ಊಟದ ಡಬ್ಬಿ ತೆಗೆದು ತೊಡೆಯ ಮೇಲಿಟ್ಟು ಬಾರಿಸಿದೆ. ನಾನು ಸಂಗೀತ ಕೇಳುವವನು, ಮಾಡುವವನಲ್ಲ ಎಂಬುದು ದಿವಾ ಸ್ಟೇಷನ್ ಬರುವಷ್ಟರಲ್ಲಿ ಇಡೀ ಬೋಗಿಗೆ ತಿಳಿಯಿತು. ಡಬ್ಬಿಯ ಮುಚ್ಚಳ ಬಿಚ್ಚಿ ಹುಳಿ ಪ್ಯಾಂಟಿನ ಮೇಲೆ ಚೆಲ್ಲಿತು. ಬೋಗಿಯ ಆ ತುದಿಯಲ್ಲಿ ಇಸ್ಪೀಟು ಆಡುವವರ ಗುಂಪೊಂದಿತ್ತು, ಅಲ್ಲಿಂದ ನಗು ಕೇಳಿಸಿತು. ನಮ್ಮ ಕಡೆಯವರು ಇಬ್ಬರು ನಾಚಿಕೊಂಡು ಎದ್ದು ಆ ಗುಂಪಿನ ಕಡೆ ಹೋಗಿಯೇಬಿಟ್ಟರು.

ಬುವಾ ಬೈಯಲಿಲ್ಲ. ಕರವಸ್ತ್ರ ಕೊಟ್ಟು ಹುಳಿ ಒರೆಸಿಕೊಳ್ಳಿ ಎಂದರು. ಆಮೇಲೆ ಕಿಟಕಿಯ ಹೊರಗೆ ನೋಡುತ್ತಾ ಹೇಳಿದರು: "ನಮ್ಮನ್ಯಾಗ ಎರಡು ಖೋಲಿ ಅದಾವ್ರಿ. ಒಂದ್ರಾಗ ಮಗನ ಮೀಟಿಂಗ್, ಇನ್ನೊಂದ್ರಾಗ ಸೊಸಿ ಮೀಟಿಂಗ್. ನಾನು ಕೆಮ್ಮಿದ್ರ ಅಮೆರಿಕಾದಾಗ ಕೇಳಸ್ತೈತಂತ. ಇನ್ನ ನಾನಿರೋದು ಗ್ರಾಂಟ್ ರೋಡ್ ಲಾಡ್ಜಿನ ಕೌಂಟರಿನ್ಯಾಗ. ಅಲ್ಲಿ ಗಿರಾಕಿ ಮಲಗಿರ್ತಾರ. ಬಾಯಿ ಬಿಚ್ಚಿ ಹಾಡಾಕ ನನಗ ಈ ಟ್ರೇನಿನ ಡಬ್ಬಾ ಒಂದಽ ನೋಡ್ರಿ. ಈ ಮಂಡಳಿ ಮುರಿದ್ರ ನನ್ನ ಹಾಡು ಮುಗೀತು."

ಮರುದಿನ ನಾನು ಬೇಕೆಂದೇ ಅದೇ ಬೋಗಿ ಹತ್ತಿದೆ. ಯಾಕೆಂದು ಕೇಳಿದರೆ ಹೇಳುವುದು ಕಷ್ಟ. ಅವರ ಮಾತು ಮನಸ್ಸಿಗೆ ನಾಟಿತ್ತು ಎಂಬುದು ನಿಜ, ಕಿಟಕಿ ಸೀಟಿನ ಆಸೆಯೂ ನಿಜ. ಜೊತೆಗೆ ಆಫೀಸಿನಲ್ಲಿ ದೀಪಾವಳಿಗೆ ಕೊಟ್ಟಿದ್ದ ಸಣ್ಣ ಬ್ಲೂಟೂತ್ ಸ್ಪೀಕರನ್ನು ಚೀಲದಲ್ಲಿ ಹಾಕಿಕೊಂಡಿದ್ದೆ. ಮನೆಯಲ್ಲಿ ಅದಕ್ಕೆ ಬಾಯಿ ತೆರೆಯಲು ಅನುಮತಿ ಇರಲಿಲ್ಲ. ಆ ಮಟ್ಟಿಗೆ ನಾನು, ಬುವಾ, ಸ್ಪೀಕರು ಮೂವರದೂ ಒಂದೇ ಪಾಡು.

"ತಾಳ ಇದು ಕೊಡುತ್ತೆ" ಎಂದು ಸ್ಪೀಕರನ್ನು ಸೀಟಿನ ಮೇಲಿಟ್ಟು, ನಾನು ಅದರ ಪಕ್ಕ ಒತ್ತರಿಸಿ ಕೂತೆ. ಚಟ ಬಿಡಬೇಕಲ್ಲ. ತಾಳ ಇರುವ ಹಾಡು ಹಾಕುವ ಬದಲು, ಹಿಂದಿನ ರಾತ್ರಿ ಸಿಕ್ಕಿದ್ದ ಹೊಸದೊಂದು ಹಾಡು ಇವರಿಗೆ ಕೇಳಿಸಲೇಬೇಕು ಅನ್ನಿಸಿತು. ಎಸ್ಟೋನಿಯಾದ ಯಾರೋ ಒಬ್ಬರು ಮಾಡಿದ್ದು. ಮುಕ್ಕಾಲು ಗಂಟೆಯ ಹಾಡು. ಅದರಲ್ಲಿ ಒಂದೇ ನಾದ ನಿಧಾನವಾಗಿ ಬೆಳೆಯುತ್ತದೆ, ನಿಧಾನವಾಗಿ ಇಳಿಯುತ್ತದೆ, ಬೇರೇನೂ ಆಗುವುದಿಲ್ಲ. ಮಂಡಳಿಯವರೆಲ್ಲ ಕೈತಾಳ ಎತ್ತಿ ಹಿಡಿದು ಸಿದ್ಧರಾಗಿ ಕೂತರು. ಕೋಪರ್ ಹೋಯಿತು, ದಿವಾ ಹೋಯಿತು, ಮುಂಬ್ರಾದ ಗುಡ್ಡ ಬಂತು, ಠಾಣೆಯೂ ಬಂತು. ಯಾರೂ ಕೈ ಇಳಿಸಲಿಲ್ಲ. ಮುಲುಂಡ್ ಹತ್ತಿರ ಬಂದಾಗ ಬುವಾ ಬಹಳ ಮರ್ಯಾದೆಯಿಂದ ನನ್ನ ಕಡೆ ಬಾಗಿದರು.

"ಶ್ರುತಿ ಛಲೋ ಐತ್ರಿ. ಹಾಡು ಯಾವಾಗ ಶುರು ಆಗ್ತೈತಿ?"

"ಇದೇ ಹಾಡು. ಡೊಂಬಿವಲಿಯಲ್ಲೇ ಶುರುವಾಗಿದೆ."

ಅವರು ಈ ಮಾತನ್ನು ಮರಾಠಿಗೆ ತಿರುಗಿಸಿ ಎಲ್ಲರಿಗೂ ಹೇಳಿದರು. ಹಿರಿಯ ಕೈತಾಳದವರು ಒಬ್ಬರಿದ್ದರು, ಯಾವುದೋ ಬ್ಯಾಂಕಿನಲ್ಲಿ ಕ್ಯಾಷಿಯರ್, ಮಂಡಳಿಯ ನಿಯಮಗಳೆಲ್ಲ ಅವರ ಸುಪರ್ದಿ. ಅವರು ತೋಳು ನೀವಿಕೊಳ್ಳುತ್ತಾ ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ.

ಮೂರನೆಯ ದಿನಕ್ಕೆ ನಾನು ದಾರಿಗೆ ಬಂದೆ. ನೇರವಾಗಿ ಧಿಂ ಧಿಂ ಎಂದು ನಡೆಯುವ, ಒಂದಿಷ್ಟೂ ಓಲಾಡದ ಎಲೆಕ್ಟ್ರಾನಿಕ್ ಹಾಡೊಂದನ್ನು ಹಾಕಿದೆ. ಕುರ್ಲಾದಲ್ಲಿ ಚಾಳಿನ ಮನೆಯೊಳಗೆ ಕೂತು ಹಾಡು ಮಾಡುವ ಹುಡುಗಿಯೊಬ್ಬಳದು. ಆಗ ಅದನ್ನು ಕೇಳಿದ್ದವರು ಅವಳ ಗೆಳತಿಯರು ಮತ್ತು ನಾನು, ಅಷ್ಟೇ ಇರಬೇಕು. ಬುವಾ ನಾಲ್ಕು ಪೆಟ್ಟು ಕೇಳಿದರು, ತಲೆಯಾಡಿಸಿದರು, ಅದರ ಮೇಲೆ ವಿಠ್ಠಲನ ಹಾಡು ಎತ್ತಿಕೊಂಡರು. ಕೈತಾಳಗಳು ಸೇರಿದವು. ಆ ಸಣ್ಣ ಸ್ಪೀಕರು ಸೀಟಿನ ಮೇಲೆ ಕುಣಿಯುತ್ತಾ ಜಾರತೊಡಗಿತು. ನನ್ನ ಮೈ ಜುಮ್ಮೆಂದಿತು ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಆದರೆ ಈ ಬಗೆಯ ಹಾಡುಗಳಲ್ಲಿ ಒಂದು ಪದ್ಧತಿಯಿದೆ. ಪೆಟ್ಟು ಏರುತ್ತಾ ಏರುತ್ತಾ ಹೋಗಿ ತಟ್ಟನೆ ನಿಲ್ಲುತ್ತದೆ. ಒಂದೆರಡು ಕ್ಷಣ ಏನೂ ಇರುವುದಿಲ್ಲ. ಆಮೇಲೆ ಎಲ್ಲವೂ ಒಟ್ಟಿಗೆ ಬಂದು ಬೀಳುತ್ತದೆ. ಕುಣಿಯುವವರು ಕಾಯುವುದೇ ಆ ಕ್ಷಣಕ್ಕೆ. ಭಜನೆಯಲ್ಲೂ ಒಂದು ಪದ್ಧತಿಯಿದೆ. ಲಯ ಏರುತ್ತಾ ಹೋಗಿ ನಿಂತಿತೆಂದರೆ ಹಾಡು ಮುಗಿಯಿತು ಎಂದರ್ಥ, ಎಲ್ಲರೂ ಕೈ ಎತ್ತಿ ಜೈಕಾರ ಹಾಕಬೇಕು. ಕುರ್ಲಾದ ಹುಡುಗಿಯ ಹಾಡು ನಿಂತ ಕೂಡಲೇ ಇಡೀ ಮಂಡಳಿ ಜೈಕಾರ ಹಾಕಿತು. ಕೈತಾಳದವರು ಕೈತಾಳವನ್ನು ಚೀಲಕ್ಕೂ ಹಾಕಿದರು. ಅಷ್ಟರಲ್ಲಿ ಪೆಟ್ಟು ಮೊದಲಿಗಿಂತ ಎರಡು ಪಟ್ಟು ಜೋರಾಗಿ ಬಂದು ಬಿತ್ತು. ಎಲ್ಲರೂ ಗಾಬರಿಯಿಂದ ಚೀಲ ತಡಕಾಡಿ ಮತ್ತೆ ಶುರುಮಾಡಿದರು. ಆ ಹಾಡಿನಲ್ಲಿ ಇಂಥ ನಿಲುಗಡೆ ಇನ್ನೂ ಎರಡು ಇದ್ದವು. ಇನ್ನೂ ಎರಡು ಸಲ ಮೋಸಹೋಗಿ ಇನ್ನೂ ಎರಡು ಸಲ ಜೈಕಾರ ಹಾಕಿದರು. ಕೊನೆಯ ಸಲ ಇಸ್ಪೀಟಿನವರೂ ಎಲೆ ಕೆಳಗಿಟ್ಟು ಕೈ ಎತ್ತಿದ್ದನ್ನು ನಾನು ಕಣ್ಣಾರೆ ಕಂಡೆ.

ಕುರ್ಲಾ ಬರುವುದರೊಳಗೆ ಮಂಗಳ ಆಗಬೇಕು, ಯಾಕೆಂದರೆ ಅಲ್ಲಿಂದ ಮುಂದೆ ಜನ ಎಷ್ಟು ತುಂಬುತ್ತಾರೆಂದರೆ ಕೈತಾಳ ತಟ್ಟಲು ಎರಡು ಕೈಗಳ ನಡುವೆ ಜಾಗ ಇರುವುದಿಲ್ಲ. ಆ ದಿನ ಮಂಗಳ ಮುಗಿಸಿ ಬುವಾ ಬೆವರು ಒರೆಸಿಕೊಂಡರು. "ಈ ಹುಡುಗಿ ದೇವರಿಗೆ ಮೂರು ಸಲ ಜೈ ಅನಸ್ತಾಳಲ್ರಿ. ನಾವು ಒಮ್ಮೆ ಅಂತಿದ್ವಿ" ಎಂದರು.

ನಾನು ಆ ಹುಡುಗಿಗೆ ಬರೆದು ತಿಳಿಸಿದೆ. ನೀನು ಬಿಟ್ಟ ಮೌನ ಎಷ್ಟು ಗಂಭೀರವಾಗಿದೆ, ಅದರಲ್ಲಿ ಭಕ್ತಿಗೆ ಜಾಗವಿದೆ ಎಂದೆಲ್ಲ ಬರೆದೆ. ಅವಳು ಹಿಂದಿಯಲ್ಲಿ ಒಂದು ಸಾಲಿನ ಉತ್ತರ ಕಳಿಸಿದಳು. ಆ ಮೂರೂ ಕಡೆ ಅಮ್ಮನ ಕುಕ್ಕರ್ ಕೂಗಿತ್ತು ಅಂಕಲ್, ಕತ್ತರಿಸಿ ತೆಗೆದೆ.

ಅಲ್ಲಿಂದ ಮಂಡಳಿಗೆ ಜೀವ ಬಂತು. ಬಿಟ್ಟುಹೋದ ಇಬ್ಬರೂ ವಾಪಸಾದರು, ಇಸ್ಪೀಟಿನ ಗುಂಪಿನಿಂದ ಮೂವರನ್ನು ಕರೆತಂದರು. ನನಗಂತೂ ಹಬ್ಬ. ಹುಡುಕಿದ ಪ್ರತಿ ಹಾಡನ್ನೂ ಮೊದಲು ಇಲ್ಲಿ ಹಾಕಿ ನೋಡುತ್ತಿದ್ದೆ. ಬುವಾ ತೀರ್ಪು ಕೊಡುತ್ತಿದ್ದರು. ಗಿಟಾರಿನ ಗದ್ದಲದ ಹಿಂದೆ ಮೆಲ್ಲಗೆ ಹಾಡುವ ಬೆಂಗಳೂರಿನ ಹುಡುಗನೊಬ್ಬನನ್ನು ಕೇಳಿ, "ಪಾಪ, ಇವನ ಮನ್ಯಾಗೂ ಮೀಟಿಂಗ್ ಇರಬೇಕು" ಎಂದರು. ಬರ್ಲಿನ್‌ನವನೊಬ್ಬನಿಗೆ, "ಕೈ ಛಲೋ ಐತಿ, ಹೊಟ್ಟಿ ಹಸದೈತಿ" ಎಂದರು. ಇದನ್ನೆಲ್ಲ ನಾನು ಭಾನುವಾರದ ಸಂದೇಶದಲ್ಲಿ ಹಾಗೆಯೇ ಬರೆಯತೊಡಗಿದೆ: ಬುವಾ ಹೀಗಂದರು, ಬುವಾ ಹಾಗಂದರು. ಕೈಮುಗಿದ ಚಿತ್ರಗಳು ಕಡಿಮೆಯಾದವು. ಪುಣೆಯಲ್ಲಿರುವ ನನ್ನ ಚಿಕ್ಕಪ್ಪನ ಮಗ, ಬುವಾ ಎಂಬ ಈ ವಿಮರ್ಶಕರು ಯಾವ ಪತ್ರಿಕೆಯವರು ಎಂದು ವಿಚಾರಿಸಿದ. ಅವನು ಹಾಡು ಕೇಳಿದನೋ ಇಲ್ಲವೋ ಗೊತ್ತಿಲ್ಲ, ಬುವಾ ಅವರನ್ನಂತೂ ಓದುತ್ತಿದ್ದ.

ಒಂದೇ ಒಂದು ವಿಷಯ ನನಗೆ ಕಿರಿಕಿರಿ ಮಾಡುತ್ತಿತ್ತು. ಬುವಾ ಅವರ ಲಾಡ್ಜೂ ನನ್ನ ಆಫೀಸೂ ಗ್ರಾಂಟ್ ರೋಡಿನಲ್ಲೇ ಇದ್ದವು. ಇಬ್ಬರೂ ದಾದರ್‌ನಲ್ಲಿ ಇಳಿದು ಸೇತುವೆ ದಾಟಿ ಇನ್ನೊಂದು ಲೈನಿನ ಟ್ರೈನು ಹಿಡಿಯಬೇಕು. ಆದರೆ ಅವರು ಒಮ್ಮೆಯೂ ನನ್ನ ಜೊತೆ ಸೇತುವೆ ಹತ್ತಲಿಲ್ಲ. "ನೀವು ಮುಂದ ನಡೀರಿ, ನಾನು ಒಂದು ಚಹಾ ಕುಡದು ಬರ್ತೀನಿ" ಎಂದು ಪ್ಲಾಟ್‌ಫಾರ್ಮಿನ ಚಹಾ ಅಂಗಡಿ ಮುಂದೆ ನಿಂತುಬಿಡುತ್ತಿದ್ದರು. ಸೇತುವೆಯ ಮೇಲೂ ಹಾಡಿನ ಶಿಫಾರಸು ಮಾಡುತ್ತೇನೆಂದು ಹೆದರಿ ತಪ್ಪಿಸಿಕೊಳ್ಳುತ್ತಿದ್ದಾರೆ ಎಂದೇ ನಾನು ತಿಳಿದೆ. ಜನ ಹಾಗೆ ತಪ್ಪಿಸಿಕೊಳ್ಳುವುದು ನನಗೆ ಹೊಸದೇನಲ್ಲ. ಆದರೂ ಸ್ವಲ್ಪ ಮುನಿಸಿತ್ತು.

ಇನ್ನೊಂದು ಕಡೆ ಕೈತಾಳದ ಕ್ಯಾಷಿಯರರಿಗೆ ಬುವಾ ಅವರ ವಯಸ್ಸಿನ ಚಿಂತೆ. ಹಿರಿಯರಿಗೆ ಗೌರವ ತಪ್ಪಬಾರದು ಎಂಬ ಕಾಳಜಿಯಿಂದ ಅವರು ಮುಂಚೆಯೇ ಒಂದು ಕೇಸರಿ ಶಾಲು ಕೊಂಡು ಚೀಲದಲ್ಲಿಟ್ಟುಕೊಂಡು ದಿನಾ ಓಡಾಡುತ್ತಿದ್ದರು. ಆಗಾಗ ಅದನ್ನು ತೆಗೆದು ಮಡಿಕೆ ಸರಿಮಾಡಿ, "ಬುವಾ, ರಿಟೈರ್ ಕಧೀ?" ಎಂದು ನಿವೃತ್ತಿಯ ದಿನ ಕೇಳುತ್ತಿದ್ದರು. "ಲಾಡ್ಜಿಗೆ ರಿಟೈರ್ ಇಲ್ಲೋ ಮಾರಾಯಾ" ಎಂದು ಬುವಾ ನಗುತ್ತಿದ್ದರು. ಆ ಶಾಲು ಹೊರಗೆ ಬಂದಾಗಲೆಲ್ಲ ಅವರ ಹಾಡು ಒಂದು ಕ್ಷಣ ತಡವರಿಸುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಘಾಟ್ಕೋಪರ್‌ನಲ್ಲಿ ಖಾಕಿ ಉಡುಪಿನ ಒಬ್ಬರು ಬೋಗಿ ಹತ್ತಿದರು. ಟ್ರೈನಿನಲ್ಲಿ ಸ್ಪೀಕರ್ ಹಾಕುವಂತಿಲ್ಲ, ಮತ್ತೆ ಕಂಡರೆ ಜಪ್ತಿ ಮಾಡಬೇಕಾಗುತ್ತದೆ ಎಂದರು. ಹೇಳಿದ್ದು ಸರಿಯಾಗಿಯೇ ಇತ್ತು, ಮರ್ಯಾದೆಯಿಂದಲೇ ಹೇಳಿದರು. ಹಾಗಾದರೆ ಕೈತಾಳ? ಎಂದು ಕೇಳಿದೆ. ಅದು ದೇವರದು, ಸ್ಪೀಕರು ಬ್ಯಾಟರಿಯದು ಎಂದು ಹೇಳಿ ಕುರ್ಲಾದಲ್ಲಿ ಇಳಿದುಹೋದರು. ಆ ದಿನ ಮಂಗಳ ಆಗಲಿಲ್ಲ.

ಇಡೀ ದಿನ ಅದೇ ಯೋಚನೆ. ಸಂಜೆ ಆಫೀಸು ಮುಗಿಸಿ, ಬುವಾ ಅವರ ಜೊತೆ ಕೂತು ಒಂದು ದಾರಿ ಹುಡುಕೋಣ ಎಂದು ಅವರ ಲಾಡ್ಜಿಗೆ ಹೋದೆ. ಕೌಂಟರಿನಲ್ಲಿ ಬೇರೊಬ್ಬ ಮ್ಯಾನೇಜರ್ ಕೂತಿದ್ದರು, ಉಡುಪಿ ಕಡೆಯವರು.

"ಅವರಾ? ಅವರು ಬಿಟ್ಟು ಸುಮಾರು ಸಮಯ ಆಯ್ತಲ್ಲ ಮಾರಾಯ್ರೆ. ಮಾಲೀಕರು ಬದಲಾದ್ರು, ವಯಸ್ಸಾದವರನ್ನೆಲ್ಲ ಬಿಡಿಸಿದ್ರು. ಗಣಪತಿ ಹಬ್ಬಕ್ಕಿಂತ ಮೊದಲೇ."

ನಾನು ಆ ಕಿಟಕಿ ಸೀಟಿನಲ್ಲಿ ಮೊದಲ ಸಲ ಕೂತದ್ದು ದೀಪಾವಳಿ ಕಳೆದ ಮೇಲೆ. ಅಂದರೆ ನಾನು ನೋಡಿದಂದಿನಿಂದ ಬುವಾ ಯಾವ ಕೆಲಸಕ್ಕೂ ಹೋಗುತ್ತಿರಲಿಲ್ಲ. ಪಾಸು ಮಾಡಿಸಿಕೊಂಡು, ಡಬ್ಬಿ ಹಿಡಿದುಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ದಿನಾ ದಾದರ್‌ವರೆಗೆ ಬಂದು ಚಹಾ ಕುಡಿಯುತ್ತಿದ್ದರು, ಅಷ್ಟೇ. ಮಂಡಳಿಗೆ ಗೊತ್ತಾದರೆ ಮಾರನೆಯ ದಿನವೇ ಶಾಲು.

ಮರುದಿನ ಬೋಗಿಯಲ್ಲಿ ಸೂತಕದ ಕಳೆ. ಸ್ಪೀಕರು ನನ್ನ ಪಕ್ಕ ಬಾಯಿ ಮುಚ್ಚಿಕೊಂಡು ಕೂತಿತ್ತು. ಇಸ್ಪೀಟಿನವರು ದೂರದಿಂದ ಕೈಬೀಸಿ ಕರೆಯುತ್ತಿದ್ದರು. ಕ್ಯಾಷಿಯರರು ಗಂಟಲು ಸರಿಮಾಡಿಕೊಂಡು ಮರಾಠಿಯಲ್ಲಿ ಒಂದು ಭಾಷಣವನ್ನೇ ಮಾಡಿದರು. ತಾಳವಿಲ್ಲದೆ ಮಂಡಳಿ ನಡೆಯದು. ಹೇಗೂ ಮುಗಿಯುತ್ತಿರುವುದು ಗೌರವದಿಂದ ಮುಗಿಯಲಿ. ಬುವಾ ಅವರಿಗೂ ವಯಸ್ಸಾಯಿತು, ಇವತ್ತೇ ಶಾಲು ಹೊದಿಸಿಬಿಡೋಣ. ಹೀಗೆ ಹೇಳಿ ಚೀಲಕ್ಕೆ ಕೈಹಾಕಿದರು. ಕೇಸರಿ ಶಾಲು ಬಂತು, ಹಿಂದೆಯೇ ತೆಂಗಿನಕಾಯಿಯೂ ಬಂತು. ಬುವಾ ಡಬ್ಬಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು. ಅವರ ಮುಖ ನೋಡಲಾಗಲಿಲ್ಲ.

ನನಗೆ ಸಿಟ್ಟು ಬಂದರೆ ಮಾತು ತಾನಾಗಿ ಬರುತ್ತದೆ. ಎದ್ದು ನಿಂತು, ನಿಯಮ ಅಂದರೆ ನಿಯಮ ಎಂದು ಕೂಗಿದೆ. ಹಿಂದಿ ಮರಾಠಿ ಎರಡೂ ಕಲಸಿಹೋಯಿತು. ಶಾಲು ಯಾರಿಗೆ? ಕೆಲಸ ಮುಗಿದವರಿಗೆ. ನಿನ್ನೆ ಈ ಬೋಗಿಯಲ್ಲಿ ಕೆಲಸ ಮುಗಿದದ್ದು ಯಾರದು? ಬುವಾ ಅವರದಲ್ಲ. ಈ ಸ್ಪೀಕರಿನದು. ಇದು ಸೀಟಿನಲ್ಲಿ ಕೂತಿದೆ, ಕೂತು ತಾಳ ಕೊಟ್ಟಿದೆ, ಒಂದು ದಿನವೂ ರಜೆ ಹಾಕಿಲ್ಲ. ಸರ್ಕಾರದವರೇ ಬಂದು ನಿವೃತ್ತಿ ಮಾಡಿಸಿ ಹೋಗಿದ್ದಾರೆ. ಇದಕ್ಕೆ ಶಾಲು ಹೊದಿಸದೆ, ಕೆಲಸದಲ್ಲಿರುವವರಿಗೆ ಹೊದಿಸಿದರೆ ಅದು ಯಾವ ಸೀಮೆಯ ನಿಯಮ?

ಕ್ಯಾಷಿಯರರು ಶಾಲು ಹಿಡಿದು ಯೋಚಿಸಿದರು. ನಿಯಮದ ಮನುಷ್ಯನಿಗೆ ನಿಯಮದ ಮಾತು ಹೇಳಿದರೆ ಬಿಡಿಸಿಕೊಳ್ಳುವುದು ಕಷ್ಟ. ಸ್ಪೀಕರು ಮಂಡಳಿಯ ಸದಸ್ಯ ಹೌದೋ ಅಲ್ಲವೋ ಎಂಬ ಬಗ್ಗೆ ಮುಂಬ್ರಾದಿಂದ ಠಾಣೆಯವರೆಗೆ ಚರ್ಚೆಯಾಯಿತು. ಅದಕ್ಕೆ ಪಾಸು ಇಲ್ಲವಲ್ಲ ಎಂದು ಒಬ್ಬರು ತಕರಾರು ತೆಗೆದರು. ನನ್ನ ಚೀಲದಲ್ಲಿ ಬರುವುದರಿಂದ ಅದು ನನ್ನ ಪಾಸಿನಲ್ಲೇ ಬಂದಂತೆ ಎಂದೆ. ಕೊನೆಗೆ ಸೀಟಿನಲ್ಲಿ ಕೂತದ್ದಂತೂ ನಿಜ ಎಂಬ ಮಾತು ಗೆದ್ದಿತು. ಅಂಗೈ ಅಗಲದ ಆ ಸ್ಪೀಕರಿಗೆ ಇಡೀ ಶಾಲು ಹೊದಿಸಿದರು. ಸ್ಪೀಕರು ಕಾಣದಂತಾಯಿತು. ಅದರ ಮುಂದೆ ತೆಂಗಿನಕಾಯಿ ಇಟ್ಟರು. ಕ್ಯಾಷಿಯರರು ಬುವಾ ಅವರಿಗೆಂದು ಸಿದ್ಧಮಾಡಿಟ್ಟಿದ್ದ ಮಾತುಗಳನ್ನೇ ಆಡಿದರು. ಮನೆಯವರೊಂದಿಗೆ ಇನ್ನು ಸುಖವಾಗಿರಿ, ಆರೋಗ್ಯ ನೋಡಿಕೊಳ್ಳಿ ಎಂದರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಮಂಡಳಿಯಲ್ಲಿ ಇದ್ದ ಒಂದೇ ಶಾಲು ಹೀಗೆ ಖರ್ಚಾಯಿತು.

ಇನ್ನು ತಾಳ? ಅದಕ್ಕೂ ನಾನು ದಾರಿ ಹುಡುಕಿದ್ದೆ. ಒಂದೆರಡು ದಿನದಲ್ಲಿ ಎಲ್ಲರ ಫೋನಿಗೂ ಕುರ್ಲಾದ ಹುಡುಗಿಯ ಹಾಡು ತುಂಬಿಸಿದೆ. ಬುವಾ ಅವರದು ಗುಂಡಿಯ ಫೋನು, ಅದಕ್ಕೂ ಒಂದು ಮೆಮೊರಿ ಕಾರ್ಡ್ ಹಾಕಿಸಿದೆ. ಎಲ್ಲರೂ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತರು. ಏಕ್, ದೋನ್, ತೀನ್ ಅಂದ ಕೂಡಲೇ ಒಟ್ಟಿಗೆ ಗುಂಡಿ ಒತ್ತಬೇಕು. ಕಾನೂನಿಗೂ ತೊಂದರೆಯಿಲ್ಲ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಆದರೆ ಒಬ್ಬರ ಬೆರಳು ಚುರುಕು, ಒಬ್ಬರದು ನಿಧಾನ. ಒಬ್ಬರ ಫೋನು ಹೊಸದು, ಇನ್ನೊಬ್ಬರದು ಹಾಡು ಹುಡುಕಲು ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತಿತ್ತು. ಒಬ್ಬರಿಗೆ ನಡುವೆ ಮನೆಯಿಂದ ಕರೆ ಬಂತು. ನಿಲುಗಡೆ ಒಬ್ಬೊಬ್ಬರ ಕಿವಿಯಲ್ಲಿ ಒಂದೊಂದು ಹೊತ್ತಿಗೆ ಬಂತು. ಕಿಟಕಿ ಪಕ್ಕದವರು ಜೈಕಾರ ಹಾಕಿದರು, ಆಮೇಲೆ ಅವರ ಪಕ್ಕದವರು, ಆಮೇಲೆ ನಿಂತವರು, ಹೀಗೆ ಜೈಕಾರ ಬೋಗಿಯ ಉದ್ದಕ್ಕೂ ಸಾಗಿ ಬಾಗಿಲಿನಲ್ಲಿ ನೇತಾಡುತ್ತಿದ್ದವನವರೆಗೆ ಹೋಯಿತು. ಕರೆ ಬಂದಿದ್ದವರು ಎಲ್ಲ ಮುಗಿದ ಮೇಲೆ, ಬೋಗಿ ಪೂರಾ ನಿಶ್ಶಬ್ದವಾಗಿದ್ದಾಗ ಒಬ್ಬರೇ ಎದ್ದು ಕೈ ಎತ್ತಿ ಕೂಗಿದರು. ಹೊರಗಿನಿಂದ ನೋಡಿದವರಿಗೆ ಯಾವ ವಾದ್ಯವೂ ಇಲ್ಲದೆ ಸರದಿಯಂತೆ ಹುಚ್ಚು ಹಿಡಿಯುತ್ತಿರುವ ಜನರ ಹಾಗೆ ಕಂಡಿರಬೇಕು. ಬುವಾ ಕಣ್ಣು ಮುಚ್ಚಿ, ಯಾರ ಪರಿವೆಯೂ ಇಲ್ಲದೆ, ಗಂಟಲು ತೆರೆದು ಹಾಡುತ್ತಿದ್ದರು.

ಆ ದಿನ ದಾದರ್‌ನಲ್ಲಿ ಇಳಿದಾಗ ಅವರು ಎಂದಿನಂತೆ, "ನೀವು ಮುಂದ ನಡೀರಿ" ಎಂದರು.

"ಇವತ್ತು ನಾನೂ ಚಹಾ ಕುಡೀತೀನಿ" ಎಂದೆ.

ಅವರು ನನ್ನ ಕಡೆ ತಿರುಗಿದರು. "ಲಾಡ್ಜಿಗೆ ಹೋಗಿದ್ರೇನು?"

"ಹೋಗಿದ್ದೆ."

"ಅದಕ್ಕಽ ಶಾಲು ಸ್ಪೀಕರಿಗೆ ಹೋತು."

ಚಹಾ ಬಂತು. ಅವರು ಊದಿ ಊದಿ ಕುಡಿದರು. "ಮನ್ಯಾಗ ಎಲ್ಲಾರಿಗೂ ಗೊತ್ತೈತ್ರಿ. ಮನ್ಯಾಕಿನಽ ಡಬ್ಬಿ ಕಟ್ಟಿ ಕಳಸ್ತಾಳ. ಹೋಗಿ ಹಾಡಿ ಬರ್ರಿ, ಇಲ್ಲಾಂದ್ರ ದಿನಾ ಮಾರಿ ಸಣ್ಣ ಮಾಡ್ಕೊಂಡು ಕುಂದರ್ತೀರಿ ಅಂತಾಳ. ಮಂಡಳಿಯವ್ರಿಗೆ ಅಷ್ಟ ಹೇಳಿಲ್ಲ" ಎಂದರು.

"ನಾನೂ ಹೇಳಲ್ಲ."

"ಹೇಳೂದಿಲ್ಲ ಅಂತ ಗೊತ್ತೈತಿ."

ಆಚೆ ಪ್ಲಾಟ್‌ಫಾರ್ಮಿಗೆ ಕಲ್ಯಾಣದ ಕಡೆ ವಾಪಸು ಹೋಗುವ ಟ್ರೈನು ಬರುವ ಹೊತ್ತಾಗಿತ್ತು. ಬೆಳಿಗ್ಗೆ ಆ ಕಡೆ ಹೋಗುವವರು ಯಾರೂ ಇರುವುದಿಲ್ಲ. ಬುವಾ ಲೋಟ ಇಟ್ಟು, ಇಯರ್‌ಫೋನಿನ ತಂತಿ ಬಿಡಿಸುತ್ತಾ ಕೇಳಿದರು: "ಬರೋವಾಗ ಮಂಡಳಿ ಇರ್ತೈತಿ. ಹೋಗೋವಾಗ ಡಬ್ಬಾ ಖಾಲಿ, ಹೊತ್ತು ಹೋಗೂದಿಲ್ರಿ. ಒಂದು ಛಲೋ ಹಾಡು ಇದ್ರ ಹೇಳ್ರಿ. ಉದ್ದಂದು ಇರಲಿ."

ಅಷ್ಟು ವರ್ಷ ನಾನು ಕಾದಿದ್ದ ಮಾತು. ಲಿಫ್ಟಿನಲ್ಲಿ ಸಿಕ್ಕಿಕೊಂಡವರನ್ನೂ ಬಿಡದವನು ನಾನು. ಈಗ ನಾಲಿಗೆಗೆ ಒಂದೂ ಬರಲಿಲ್ಲ. ಸಾವಿರ ಹಾಡು ತಲೆಯಲ್ಲಿದ್ದವು, ಒಂದೂ ಈ ಮನುಷ್ಯನ ಖಾಲಿ ಬೋಗಿಗೆ ಆಗುವಂಥದ್ದಲ್ಲ ಎನಿಸಿತು. ಕೊನೆಗೆ ಅವರ ಫೋನು ತೆಗೆದುಕೊಂಡು, ಕಾರ್ಡಿನಲ್ಲಿ ನಾನೇ ಹಾಕಿಟ್ಟಿದ್ದ ಎಸ್ಟೋನಿಯಾದ ಆ ಮುಕ್ಕಾಲು ಗಂಟೆಯ ಹಾಡನ್ನು ತೋರಿಸಿದೆ. ತೋರಿಸಿದ ಕೂಡಲೇ ತಪ್ಪು ಮಾಡಿದೆ ಅನ್ನಿಸಿತು. ಅವರಿಗೂ ಗುರುತು ಸಿಕ್ಕಿತು. ಫೋನನ್ನು ಜೇಬಿಗೆ ಹಾಕಿಕೊಂಡು ಸೇತುವೆ ಹತ್ತಿದರು. ಈ ಸಲ ಇಬ್ಬರೂ ಜೊತೆಯಾಗಿಯೇ ಹತ್ತಿದೆವು. ಮೇಲೆ ಹೋಗಿ ಒಬ್ಬರು ಆ ಕಡೆ, ಒಬ್ಬರು ಈ ಕಡೆ ಇಳಿದೆವು.

ಮರುದಿನ ಬೆಳಿಗ್ಗೆ ಡೊಂಬಿವಲಿಯಲ್ಲಿ ನಾನು ಸೀಟಿಗೆ ಬಂದಾಗ ಅವರು ಆಗಲೇ ಕೂತಿದ್ದರು. ಕ್ಯಾಷಿಯರರು ಕೈತಾಳ ಒರೆಸುತ್ತಿದ್ದರು. ಕೇಳಲೋ ಬೇಡವೋ ಎಂದು ಹಿಂದೆಮುಂದೆ ನೋಡಿ ಕೊನೆಗೆ ಕೇಳಿಯೇಬಿಟ್ಟೆ. "ಹಾಡು ಕೇಳಿದ್ರಾ?"

"ಕೇಳಿದೆ" ಎಂದರು ಬುವಾ. "ಕುರ್ಲಾ ಹೋತು, ಘಾಟ್ಕೋಪರ್ ಹೋತು, ಠಾಣೆ ದಾಟಿತು. ಅದೇನು ಶುರು ಆಗಲಿಲ್ಲ ಬಿಡ್ರಿ. ಡಬ್ಬಾದಾಗ ಒಂದು ನರಪಿಳ್ಳಿ ಇದ್ದಿಲ್ಲ. ಕಾದು ಕಾದು ಆಮ್ಯಾಲ ನಾನಽ ಶುರು ಮಾಡಿದೆ."